ಹಳೆ ಕಾಂಟೆಸ್ಸಾದ ಪಿಕಪ್ ಹೆಚ್ಚಿಸಬೇಕೇ? ಸ್ಪ್ಯಾನರ್ ಹಿಡಿಯುವ ಮೊದಲು ಪ್ಲಾನ್ ಹೀಗಿರಲಿ

ಮಸಲ್ ಕಾರ್ (ದೊಡ್ಡ ಎಂಜಿನ್ ಇರುವ, ಜೋರಾಗಿ ಓಡುವ ಕಾರು) ಅಂದ ಕೂಡಲೇ ಅಮೆರಿಕದವರಿಗೆ 1964ರ ಪಾಂಟಿಯಾಕ್ ಜಿಟಿಒ ನೆನಪಾಗುತ್ತದೆ. ಮಧ್ಯಮ ಗಾತ್ರದ ಬಾಡಿ, ಒಳಗೆ 6.4 ಲೀಟರಿನ ವಿ8 ಎಂಜಿನ್. ನಮ್ಮ ದೇಶದಲ್ಲಿ ಜನ ಆ ಹೆಸರು ಕಟ್ಟಿದ್ದು ಹಿಂದುಸ್ತಾನ್ ಕಾಂಟೆಸ್ಸಾಗೆ. ಉದ್ದ ಬಾನೆಟ್, ಅಗಲ ಮೂತಿ, ಹಿಂದಿನ ಚಕ್ರಕ್ಕೆ ಡ್ರೈವ್. ನೋಟದಲ್ಲಿ ಏನೂ ಕಮ್ಮಿ ಇಲ್ಲ. ಎಂಜಿನ್ ಮಾತ್ರ ಆ ನೋಟಕ್ಕೆ ತಕ್ಕಷ್ಟು ಜೋರಿನದಲ್ಲ.

ನಮ್ಮ ಕಾಸರಗೋಡಿನ ಕಡೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹುಡುಕಿದರೆ ಟಾರ್ಪಾಲು ಹೊದ್ದು ಶೆಡ್‌ನಲ್ಲಿ ನಿಂತ ಕಾಂಟೆಸ್ಸಾ ಈಗಲೂ ಸಿಗುತ್ತದೆ. ಕೊಂಡ ಹುಡುಗರು ಮೊದಲ ವಾರವೇ ಕೇಳುತ್ತಾರೆ: "ಅಣ್ಣಾ, ಯಾವ ಕಾರ್ಬೊರೇಟರ್ ಹಾಕಿದ್ರೆ ಪಿಕಪ್ ಬರ್ತದೆ?" ಕಾರ್ಬೊರೇಟರ್ ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಅದರ ಸರದಿ ಇನ್ನೂ ಬಹಳ ದೂರ ಇದೆ. ಮೂವತ್ತು ವರ್ಷದ ಎಂಜಿನ್ ಕಾರ್ಖಾನೆಯಿಂದ ತಂದ ಪವರ್‌ನಲ್ಲೇ ಎಷ್ಟೋ ಪಾಲು ಸವೆದು, ಸೋರಿ, ತುಕ್ಕು ಹಿಡಿದು ಹೋಗಿರುತ್ತದೆ. ಹೋದದ್ದನ್ನು ಮರಳಿ ತರದೆ ಹೊಸದು ಸೇರಿಸಲು ಹೊರಟರೆ ದುಡ್ಡು ನೀರಿಗೆ ಹಾಕಿದಂತೆ. ಆದ್ದರಿಂದ ಇಲ್ಲಿ ಯಾವ ಪಾರ್ಟ್ ಒಳ್ಳೆಯದು ಅನ್ನುವುದಕ್ಕಿಂತ ಯಾವುದರ ಹಿಂದೆ ಯಾವುದು ಅನ್ನುವುದೇ ಜಾಸ್ತಿ.

ಹಂತ 1: ನಿಮ್ಮ ಕೈಯಲ್ಲಿರುವುದು ಯಾವ ಕಾಂಟೆಸ್ಸಾ?

ಕಾಂಟೆಸ್ಸಾ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ಬಾಡಿಯ ಮೂಲ ಬ್ರಿಟನ್ನಿನ ವಾಕ್ಸ್‌ಹಾಲ್ ವಿಎಕ್ಸ್. ಮೊದಲ ಗಾಡಿಗಳಲ್ಲಿ ಅಂಬಾಸಡರಿನದೇ 1489 ಸಿಸಿ ಎಂಜಿನ್ ಇತ್ತು. ಸುಮಾರು 50 ಕುದುರೆಶಕ್ತಿ, ನಾಲ್ಕು ಗೇರ್. ಆಮೇಲೆ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಎಂಜಿನ್ ಬಂತು. ಸುಮಾರು 88 ಕುದುರೆಶಕ್ತಿ, ಐದು ಗೇರ್. ಕಾಂಟೆಸ್ಸಾ ಕ್ಲಾಸಿಕ್ ಅಂತ ಜನ ಹುಡುಕಿ ಕೊಳ್ಳುವುದು ಇದನ್ನೇ. ಡೀಸೆಲ್ ಗಾಡಿಯೂ ಇತ್ತು, ಅದಕ್ಕೆ 2 ಲೀಟರಿನ ಇಸುಜು ಎಂಜಿನ್. 2002ಕ್ಕೆ ತಯಾರಿ ನಿಂತಿತು.

ಈ ವ್ಯತ್ಯಾಸ ನಿಮ್ಮ ಇಡೀ ಪ್ಲಾನನ್ನು ಬದಲಿಸುತ್ತದೆ. 1.5 ಲೀಟರಿನ ಹಳೆ ಎಂಜಿನ್‌ಗೆ ಎಷ್ಟು ಸುರಿದರೂ ಆರೋಗ್ಯವಂತ ಇಸುಜು ಎಂಜಿನ್‌ನ ಹತ್ತಿರ ಬರುವುದು ಕಷ್ಟ. ಇನ್ನೂ ಕೊಂಡಿಲ್ಲವಾದರೆ ಇಸುಜು ಪೆಟ್ರೋಲ್ ಗಾಡಿಯನ್ನೇ ಹುಡುಕಿ. ಇದೇ 1.8 ಎಂಜಿನ್ ಅಂಬಾಸಡರ್ 1800 ಐಎಸ್‌ಝಡ್‌ನಲ್ಲೂ ಇತ್ತು. ಹಾಗಾಗಿ ಎಂಜಿನ್ ಪಾರ್ಟ್ ಕೇಳುವಾಗ ಕಾಂಟೆಸ್ಸಾ ಅಂತ ಮಾತ್ರ ಕೇಳಬೇಡಿ, "ಅಂಬಾಸಡರ್ ಇಸುಜು" ಅಂತಲೂ ಕೇಳಿ. ಮಂಗಳೂರಿನಲ್ಲಿ ಸಿಗದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಚೆನ್ನೈನ ಪುದುಪೇಟೆಯ ಗುಜರಿಯಲ್ಲೋ ಸಿಗಬಹುದು. ಸಿಗುವ ತನಕ ಹಳೆಯದನ್ನು ಎಸೆಯಬೇಡಿ.

ಹಂತ 2: ಓಡಿಸುವುದು ಎಲ್ಲಿ?

ಒಂದು ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಬರೆಯಿರಿ: ಈ ಗಾಡಿ ತಿಂಗಳಿಗೆ ಎಷ್ಟು ಓಡುತ್ತದೆ, ಯಾವ ರಸ್ತೆಯಲ್ಲಿ, ಎಷ್ಟು ಜನ ಕೂತು. ನಮ್ಮ ಕಡೆಯ ರಸ್ತೆ ಎರಡೇ ಬಗೆ. ಒಂದು, ತಲಪಾಡಿಯಿಂದ ದಕ್ಷಿಣಕ್ಕೆ ಹೋಗುವ ಅಗಲದ ಹೆದ್ದಾರಿ. ಇನ್ನೊಂದು, ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವಂಥದ್ದು. ಏರು, ಇಳಿತ, ತಿರುವು, ಎದುರಿಗೆ ಬಸ್ಸು. ಎರಡನೆಯ ಬಗೆಯ ರಸ್ತೆಯೇ ಜಾಸ್ತಿ ಅಲ್ವಾ?

ಅಂಥಲ್ಲಿ ಬೇಕಾಗುವುದು 2000ದಿಂದ 3500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಡುವಿನ ಎಳೆತ. ಲೆಕ್ಕ ಸರಳ: ಟಾರ್ಕನ್ನು (ಎಂಜಿನ್ ತಿರುಗಿಸುವ ಬಲ, ನ್ಯೂಟನ್-ಮೀಟರಿನಲ್ಲಿ) ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 100 ನ್ಯೂಟನ್-ಮೀಟರ್ ಟಾರ್ಕ್ 3000 ಆರ್‌ಪಿಎಂನಲ್ಲಿ ಸಿಕ್ಕರೆ ಸುಮಾರು 31 ಕಿಲೋವ್ಯಾಟ್, ಅದೇ ಟಾರ್ಕ್ 5000ದಲ್ಲಿ ಸಿಕ್ಕರೆ ಸುಮಾರು 52. ಜಾಹೀರಾತಿನಲ್ಲಿ ಹಾಕುವುದು ಎರಡನೆಯ ಅಂಕಿ. ಆದರೆ ಪೆರ್ಲದ ಏರಿನಲ್ಲಿ ಮೂರನೇ ಗೇರಿನಲ್ಲಿ ಹೋಗುವಾಗ ನಿಮ್ಮ ಎಂಜಿನ್ 5000ದ ಹತ್ತಿರವೂ ಇರುವುದಿಲ್ಲ. ರೇಸಿನ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ), ದೊಡ್ಡ ಬಾಯಿಯ ಕಾರ್ಬೊರೇಟರ್ ಹಾಕಿದ ಗಾಡಿ ಮೇಲಿನ ಆರ್‌ಪಿಎಂನಲ್ಲಿ ಹಾರುತ್ತದೆ, ಕೆಳಗೆ ಉಸಿರು ಕಟ್ಟುತ್ತದೆ. ಹಳ್ಳಿ ರಸ್ತೆಗೆ ಅದು ಬೇಡ.

ಇನ್ನೊಂದು ಮಾತು. ಹಳೆ ಅಮೆರಿಕನ್ ಕಾರುಗಳ 300, 400 ಕುದುರೆಶಕ್ತಿಯ ಅಂಕಿ ನೋಡಿ ಮರುಳಾಗಬೇಡಿ. 1972ಕ್ಕೆ ಮುಂಚೆ ಅಲ್ಲಿ ಫ್ಯಾನು, ಆಲ್ಟರ್ನೇಟರ್, ಪೂರ್ತಿ ಸೈಲೆನ್ಸರ್ ಯಾವುದೂ ಇಲ್ಲದ ಬರೀ ಎಂಜಿನನ್ನು ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದರು.

ಹಂತ 3: ಕಾಗದಪತ್ರ

ಬೇಸರದ ಕೆಲಸ, ಆದರೆ ಗಡಿಯವರಾದ ನಮಗೆ ಇದರಲ್ಲಿ ಎರಡು ಪಟ್ಟು ತಲೆನೋವು.

ಮಂಗಳೂರಿನಿಂದ ಕೆಎ 19 ನಂಬರಿನ ಗಾಡಿ ತಂದು ಉಪ್ಪಳದಲ್ಲಿ ಇಟ್ಟುಕೊಂಡರೆ, ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದ ಮೇಲೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಆರ್‌ಸಿ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲವೂ ಗಾಡಿ ತೋರಿಸಬೇಕು. ಹಳೆ ಗಾಡಿಯ ಟ್ಯಾಕ್ಸ್ ಬೇರೆ. ನವೀಕರಣ ಮುಗಿದ ಗಾಡಿಯನ್ನು ಅಗ್ಗ ಅಂತ ಕೊಳ್ಳುವ ಮುನ್ನ ಆ ಖರ್ಚು ಸೇರಿಸಿ ನೋಡಿ. ವಿಂಟೇಜ್ ನಂಬರ್ ಮಾಡಿಸಿ ಪಾರಾಗೋಣ ಅಂದುಕೊಂಡರೆ ಆಗದು, 2021ರ ಕೇಂದ್ರದ ನಿಯಮದ ಪ್ರಕಾರ ಅದಕ್ಕೆ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಯಾವ ಕಾಂಟೆಸ್ಸಾಗೂ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಮಾರ್ಪಾಟಿನ ವಿಷಯಕ್ಕೆ ಬಂದರೆ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ನೋಡಬೇಕು. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಅಂತ ಅದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು, ಆ ಕೇಸು ಹೋದದ್ದು ಕೇರಳದಿಂದಲೇ. ನಮ್ಮ ಲೆಕ್ಕಕ್ಕೆ ಅರ್ಥ ಇಷ್ಟು: ಸವೆದ ಪಾರ್ಟ್ ಬದಲಿಸುವುದು, ಟ್ಯೂನಿಂಗ್, ಬ್ರೇಕ್ ಸರಿಪಡಿಸುವುದಕ್ಕೆ ತಕರಾರಿಲ್ಲ. ಬೇರೆ ಎಂಜಿನ್ ಕೂರಿಸುವುದಿದ್ದರೆ ಮೊದಲು ಆರ್‌ಟಿಒಗೆ ಅರ್ಜಿ, ಒಪ್ಪಿಗೆ ಬಂದ ಮೇಲೆ ಎಂಜಿನ್. 1.5 ಗಾಡಿಗೆ ಇಸುಜು ಎಂಜಿನ್ ಹಾಕುವವರಿಗೂ ಇದೇ ಮಾತು. "ಕಂಪನಿಯೇ ಎರಡನ್ನೂ ಹಾಕಿ ಮಾರಿತ್ತಲ್ಲ" ಅಂತ ರಸ್ತೆ ಬದಿಯಲ್ಲಿ ವಾದಿಸಿದರೆ ಯಾರೂ ಕೇಳುವುದಿಲ್ಲ. ಜಪಾನಿನ ದೊಡ್ಡ ಎಂಜಿನ್ ತುರುಕುವ ವಿಡಿಯೊಗಳನ್ನು ನೋಡಿ ಖುಷಿಪಡಿ, ಅಷ್ಟೇ ಸಾಕು.

ಹಂತ 4: ಅಯಸ್ಕಾಂತ ಹಿಡಿದು ಒಂದು ಸುತ್ತು

ಸಮುದ್ರದ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ನಮ್ಮೂರ ಗಾಡಿಗೆ ತುಕ್ಕು ಇಲ್ಲ ಅಂದರೆ ಅದು ಬಣ್ಣದ ಅಡಿಯಲ್ಲಿದೆ ಅಂತ ಅರ್ಥ.

ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಮೂಲೆಗಳ ಮೇಲೆ ಎಳೆಯುತ್ತಾ ಹೋಗಿ. ಹಿಡಿಯುತ್ತಾ ಬಂದದ್ದು ಒಂದು ಜಾಗದಲ್ಲಿ ಸಡಿಲಾಗಿ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಆಮೇಲೆ ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಪೊಳ್ಳು ಸದ್ದು ಮಾಡಿ ಕೆಂಪು ಪುಡಿ ಉದುರಿಸುತ್ತದೆ. ಮುಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ, ಹಿಂದಿನ ಆಕ್ಸಲಿನ ಆರ್ಮ್‌ಗಳು ಸೇರುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಜಾಕ್ ಕೊಡುವ ಜಾಗ: ಈ ನಾಲ್ಕರಲ್ಲಿ ಕೈ ಮೀರಿದ ತುಕ್ಕಿದ್ದರೆ ಪವರ್ ಮಾತು ಬಿಟ್ಟು ಟಿಂಕರಿಂಗ್ ಮೇಸ್ತ್ರಿಯನ್ನು ಹುಡುಕಿ. ಚಕ್ರದ ಕಮಾನಿನ ಒಳಗೆ ಅಂಟಿರುವ ಕೆಂಪು ಮಣ್ಣನ್ನು ಪೂರ್ತಿ ಕೆರೆದು ತೆಗೆಸಿ. ಮಳೆ ಬಿಟ್ಟ ಮೇಲೂ ಆ ಮಣ್ಣು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಹಂತ 5: ಎಂಜಿನ್‌ನ ಆರೋಗ್ಯ ತಪಾಸಣೆ

ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗೆ ಎಷ್ಟು ಒತ್ತಡ ಬರುತ್ತದೆ ಅನ್ನುವ ಪರೀಕ್ಷೆ) ಮಾಡದೆ ಒಂದು ರೂಪಾಯಿಯ ಪಾರ್ಟನ್ನೂ ಆರ್ಡರ್ ಮಾಡಬೇಡಿ. ಗೇಜ್ ಯಾವ ಹಳೆ ವರ್ಕ್‌ಶಾಪಿನಲ್ಲೂ ಇರುತ್ತದೆ. ಎಂಜಿನ್ ಬಿಸಿ ಮಾಡಿ, ಕಾಯಿಲ್‌ನ ವಯರ್ ಕಳಚಿ, ನಾಲ್ಕೂ ಪ್ಲಗ್ ತೆಗೆಯಿರಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ. ಮುಳ್ಳು ಮೇಲೇರಿ ನಿಲ್ಲುವ ತನಕ ನೋಡಿ ಬರೆದುಕೊಳ್ಳಿ.

ಚೆನ್ನಾಗಿರುವ ಹಳೆ ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 130ರಿಂದ 170 ಪಿಎಸ್‌ಐ ಒತ್ತಡ ಬರುತ್ತದೆ. ಒಟ್ಟು ಅಂಕಿಗಿಂತ ಮುಖ್ಯ ನಾಲ್ಕರ ನಡುವಿನ ವ್ಯತ್ಯಾಸ. ಅದು ಶೇ 10ರ ಒಳಗಿದ್ದರೆ ನೆಮ್ಮದಿ. ಒಂದು ಸಿಲಿಂಡರ್ ತೀರಾ ಕೆಳಗಿದ್ದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್‌ನ ಅಡಿಯ ಸೀಲು) ಕಡೆ ನೋಡಿ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕೆಳಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ.

ತೆಗೆದ ಪ್ಲಗ್ಗುಗಳನ್ನು ಸಾಲಾಗಿ ಪೇಪರಿನ ಮೇಲಿಡಿ. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ. ಎಣ್ಣೆಯ ಜಿಡ್ಡಿದ್ದರೆ ಆಯಿಲ್ ಉರಿಯುತ್ತಿದೆ. ಬಿಳಿ ಬಿಳಿಯಾಗಿ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಂಜಿನ್ ಅತಿಯಾಗಿ ಕಾಯುತ್ತಿದೆ. ಫೋಟೊ ತೆಗೆದಿಟ್ಟುಕೊಳ್ಳಿ.

ರಿಂಗ್ ಹೋಗಿದೆ ಅಂತ ಗೊತ್ತಾದರೆ ಮುಂದಿನ ಪ್ಲಾನೇ ಬೇರೆ. ಬೋರಿಂಗ್, ಹೊಸ ಪಿಸ್ಟನ್, ಬೇರಿಂಗ್‌ಗಳ ಖರ್ಚನ್ನು ಒಪ್ಪಿಕೊಂಡು, ಹೆಡ್ ಕೆಲಸವನ್ನೂ ಅದೇ ಸಲಕ್ಕೆ ಸೇರಿಸಿ. ಎಂಜಿನನ್ನು ಎರಡೆರಡು ಸಲ ಇಳಿಸುವುದು ಯಾಕೆ?

ಹಂತ 6: ನಿಲ್ಲುವ ಗಾಡಿ ಮೊದಲು

ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಹೋದರೆ ವೇಗ ಮೂರರಲ್ಲಿ ಒಂದು ಪಾಲು ಹೆಚ್ಚಿತು. ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಶೇ 78ರಷ್ಟು ಹೆಚ್ಚಿತು, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಿಕಪ್‌ಗೆ ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಇಲ್ಲಿಗೇ ಹೋಗಲಿ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ನಮ್ಮ ಹವೆಯಲ್ಲಿ ಇನ್ನೂ ಬೇಗ. ನೀರು ಸೇರಿದ ಫ್ಲೂಯಿಡ್ ಇಳಿಜಾರಿನಲ್ಲಿ ಕಾದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಪೂರ್ತಿ ತೆಗೆದು ಹೊಸದು ಹಾಕಿಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ರಬ್ಬರ್ ಹೋಸ್‌ಗಳು, ಮಾಸ್ಟರ್ ಸಿಲಿಂಡರಿನ ಕಿಟ್, ವೀಲ್ ಸಿಲಿಂಡರ್ ಎಲ್ಲ ಒಂದೇ ಸಲಕ್ಕೆ ಆಗಲಿ. ಬ್ರೇಕ್ ಬೂಸ್ಟರ್ ಸರಿ ಇದೆಯೇ ನೋಡಲು ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಟಯರಿನ ಬದಿಯಲ್ಲಿ ಡಿಒಟಿ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಬಟನ್ (ಟಯರಿನ ಮೇಲಿನ ಅಚ್ಚು) ಚೆನ್ನಾಗಿ ಕಂಡರೂ ಆರೇಳು ವರ್ಷ ದಾಟಿದ ಟಯರನ್ನು ನಾನಂತೂ ನಂಬುವುದಿಲ್ಲ. ಟಯರ್ ದೊಡ್ಡದು ಮಾಡಿದರೆ ಪಿಕಪ್ ಕಡಿಮೆಯಾಗುತ್ತದೆ ಅನ್ನುವುದೂ ನೆನಪಿರಲಿ: ವ್ಯಾಸ ಶೇ 5 ಹೆಚ್ಚಿದರೆ ಗೇರಿಂಗ್ ಅಷ್ಟೇ ಉದ್ದವಾಗುತ್ತದೆ, ಸ್ಪೀಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಸಸ್ಪೆನ್ಷನ್ನಿನಲ್ಲಿ ಬುಶ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಬದಲಿಸಿ ಅಲೈನ್‌ಮೆಂಟ್ ಮಾಡಿಸಿದರೆ ಸಾಕು. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸುವ ಆಸೆ ಬಿಡಿ, ನಮ್ಮ ಹಂಪುಗಳು ಸೈಲೆನ್ಸರನ್ನು ಉಳಿಸುವುದಿಲ್ಲ.

ಹಂತ 7: ಈಗಿನ ಪೆಟ್ರೋಲಿಗೆ ಹೊಂದಿಸುವುದು

ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20ರವರೆಗೆ ಎಥನಾಲ್ ಸೇರಿದ ಪೆಟ್ರೋಲ್. ಕಾಂಟೆಸ್ಸಾ ತಯಾರಾದ ಕಾಲದಲ್ಲಿ ಇದರ ಲೆಕ್ಕವೇ ಇರಲಿಲ್ಲ. ಮೂರು ತೊಂದರೆ ಇವೆ.

ಒಂದು, ಹಳೆ ರಬ್ಬರ್. ಟ್ಯಾಂಕಿನಿಂದ ಪಂಪಿಗೆ ಬರುವ ಹೋಸನ್ನು ಬೆರಳಲ್ಲಿ ಹಿಂಡಿ ನೋಡಿ. ಮೆತ್ತಗಾಗಿ ಬೆರಳಿಗೆ ಕಪ್ಪು ಅಂಟಿದರೆ ಅಥವಾ ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅದರ ಆಯಸ್ಸು ಮುಗಿಯಿತು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಗಾಡಿಯೇ ಸುಟ್ಟುಹೋದೀತು. ಎಥನಾಲ್ ತಡೆಯುವ ಹೋಸ್ ಅಂತಲೇ ಕೇಳಿ ತನ್ನಿ. ಪಂಪಿನ ಡಯಾಫ್ರಾಮ್, ಕಾರ್ಬೊರೇಟರಿನ ಕಿಟ್ ಕೂಡ ಹೊಸದಾಗಲಿ.

ಎರಡು, ನೀರು. ಎಥನಾಲ್ ತೇವ ಎಳೆಯುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯಬಹುದು. ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಆ ಪುಡಿ ಕಾರ್ಬೊರೇಟರಿನ ಜೆಟ್‌ನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತು) ಕೂರುತ್ತದೆ. ಹಾಗಾಗಿ ನಿಲ್ಲಿಸುವ ಗಾಡಿಯ ಟ್ಯಾಂಕ್ ತುಂಬಿರಲಿ ಅಥವಾ ಪೂರ್ತಿ ಖಾಲಿ ಇರಲಿ. ಪಾರದರ್ಶಕ ಫಿಲ್ಟರ್ ಹಾಕಿದರೆ ಕಸ ಕಣ್ಣಿಗೆ ಕಾಣುತ್ತದೆ.

ಮೂರು, ಮಿಶ್ರಣ. ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಹಳೆ ಜೆಟ್ ಇಟ್ಟುಕೊಂಡೇ ಇ20 ಹಾಕಿದರೆ ಮಿಶ್ರಣ ಸುಮಾರು ಶೇ 8ರಷ್ಟು ತೆಳುವಾಗುತ್ತದೆ. ಸ್ಟಾರ್ಟಿಂಗ್ ತೊಂದರೆ, ಮಧ್ಯದಲ್ಲಿ ಮುಗ್ಗರಿಸುವುದು, ಕಾಯುವುದು ಇದರಿಂದಲೇ ಇರಬಹುದು. ಒಂದೆರಡು ಸೈಜು ದೊಡ್ಡ ಮೇನ್ ಜೆಟ್ ಹಾಕಿ ನೋಡಬೇಕು. ಅತಿಯಾದರೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ: ಇಷ್ಟು ಹಳೆ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3 ದಾಟಬಾರದು.

ಹಂತ 8: ಕಳೆದ ಪವರ್ ಮರಳಿ ತರುವುದು

ಟ್ಯಾಪೆಟ್ ಅಡ್ಜಸ್ಟ್ (ವಾಲ್ವ್ ಸಂದು ಸರಿ ಮಾಡುವುದು), ಹೊಸ ಪ್ಲಗ್, ಪ್ಲಗ್ ವಯರ್, ಏರ್ ಫಿಲ್ಟರ್ ಮಾಡುವುದು ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರನ್ನು. ಅದರ ವ್ಯಾಕ್ಯೂಮ್ ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಕಳಚಿ ಬಾಯಲ್ಲಿ ಎಳೆದು ನೋಡಿ. ಮುಚ್ಚಳದ ಒಳಗಿನ ಪ್ಲೇಟ್ ತಿರುಗಬೇಕು, ನಾಲಗೆಯಿಂದ ಪೈಪ್ ಮುಚ್ಚಿದರೆ ಅಲ್ಲೇ ನಿಲ್ಲಬೇಕು. ತಿರುಗದಿದ್ದರೆ ಡಯಾಫ್ರಾಮ್ ಹರಿದಿದೆ, ಮೈಲೇಜ್ ಮತ್ತು ಅರ್ಧ ಆಕ್ಸಿಲರೇಟರಿನ ಚುರುಕು ಅಲ್ಲೇ ಹೋಗಿದೆ.

ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸೆಟ್ (ಕಿಡಿಯ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕುವುದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೆಲಸ. ಪವರ್ ಏರುವುದಕ್ಕಿಂತ ಟೈಮಿಂಗ್ (ಕಿಡಿ ಹೊತ್ತುವ ಗಳಿಗೆ) ಒಂದೇ ಕಡೆ ನಿಲ್ಲುತ್ತದೆ, ಮಳೆಯಲ್ಲೂ ಮೊದಲ ಸೆಲ್ಫಿಗೇ ಸ್ಟಾರ್ಟ್ ಆಗುತ್ತದೆ. ಕಿಟ್ ಕೇಳುವಷ್ಟೇ ಓಮ್‌ನ ಕಾಯಿಲ್ ಇರಲಿ. ಟೈಮಿಂಗನ್ನು ಕಿವಿಯಲ್ಲಿ ಕೇಳಿ ಸೆಟ್ ಮಾಡುವ ಮೇಸ್ತ್ರಿಗಳಿದ್ದಾರೆ, ಅವರ ಕಿವಿಗೆ ನಮಸ್ಕಾರ. ಆದರೂ ಟೈಮಿಂಗ್ ಲೈಟ್ ಹಿಡಿದು ನೋಡಲು ಹೇಳಿ.

ರೇಡಿಯೇಟರನ್ನು ಬಿಚ್ಚಿಸಿ ಟ್ಯೂಬುಗಳಲ್ಲಿ ಕಂಬಿ ಹಾಕಿ ಕ್ಲೀನ್ ಮಾಡಿಸಿ. "ನಮ್ಮೂರ ಸೆಕೆಗೆ ಥರ್ಮೋಸ್ಟಾಟ್ ಬೇಡ" ಅಂತ ಕಿತ್ತು ಬಿಸಾಡಿದ ಗಾಡಿಗಳು ಬಹಳ. ಹೊಸದು ಹಾಕಿಸಿ. ಸರಿಯಾದ ಬಿಸಿಗೆ ಬಾರದ ಎಂಜಿನ್ ಪೆಟ್ರೋಲೂ ಕುಡಿಯುತ್ತದೆ, ಬೇಗ ಸವೆಯುತ್ತದೆ ಕೂಡ.

ಇಷ್ಟು ಮುಗಿಸಿ ತಿಂಗಳೆರಡು ಓಡಿಸಿ. ಕೆಲವರಿಗೆ ಇಲ್ಲಿಗೇ ತೃಪ್ತಿಯಾಗುತ್ತದೆ.

ಹಂತ 9: ಹೊಸ ಪವರ್, ಅದೂ ಜೋಡಿಯಾಗಿ

ಗಾಳಿ ಒಳಬರುವ ದಾರಿ, ಹೆಡ್, ಕ್ಯಾಮ್, ಸೈಲೆನ್ಸರ್ ಒಂದಕ್ಕೊಂದು ಹೊಂದಬೇಕು. ಬರೀ ದೊಡ್ಡ ಫಿಲ್ಟರ್ ಹಾಕುವುದು ಹೆಬ್ಬಾಗಿಲು ಅಗಲ ಮಾಡಿ ಹಿತ್ತಿಲ ಬಾಗಿಲು ಹಾಗೇ ಬಿಟ್ಟಂತೆ. ಬಾನೆಟ್ ಒಳಗೆ ಬೆತ್ತಲೆ ಕೂರುವ ಕೋನ್ ಫಿಲ್ಟರ್ ರೇಡಿಯೇಟರಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 3 ಇಳಿಯುತ್ತದೆ. ಅದರ ಬದಲು ಮೂಲ ಫಿಲ್ಟರ್ ಡಬ್ಬಿಗೆ ಗ್ರಿಲ್ ಹಿಂದಿನಿಂದ ತಣ್ಣನೆ ಗಾಳಿಯ ಪೈಪ್ ಕೊಡಿ. ಪೈಪಿನ ಬಾಯಿ ಮಾತ್ರ ಎತ್ತರದಲ್ಲಿರಲಿ, ಜುಲೈಯಲ್ಲಿ ರಸ್ತೆಯೇ ತೋಡಾಗುವ ಊರು ನಮ್ಮದು.

ಹೆಡ್ ಬಿಚ್ಚುವ ಸಂದರ್ಭ ಬಂದರೆ ಮಾಡಿಸಬೇಕಾದ್ದು: ವಾಲ್ವ್ ಸೀಟನ್ನು ಮೂರು ಕೋನದಲ್ಲಿ ಕಟ್ ಮಾಡಿಸಿ, ಪೋರ್ಟ್‌ಗಳ ಒಳಗಿನ ಎರಕದ ಉಬ್ಬುತಗ್ಗು ಸವರಿಸಿ, ಮ್ಯಾನಿಫೋಲ್ಡ್ ಮತ್ತು ಗ್ಯಾಸ್ಕೆಟ್ ತೂತುಗಳನ್ನು ಹೊಂದಿಸಿ. ತೂತು ದೊಡ್ಡದು ಮಾಡುವ ಉತ್ಸಾಹ ಬೇಡ. 1.5 ಎಂಜಿನ್ ಇದ್ದವರು ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿಸಿ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗುತ್ತಿದೆ, ಸೀಸವೇ ಆ ಮೆತ್ತನೆ ಸೀಟುಗಳನ್ನು ಕಾಪಾಡುತ್ತಿತ್ತು.

ಆಮೇಲೆ ನಾಲ್ಕು ಪೈಪಿನ ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಪೈಪುಗಳ ಜೋಡಣೆ) ಮತ್ತು ಸರಿಯಾದ ಸೈಲೆನ್ಸರ್. ಸದ್ದಿನ ಆಸೆಗೆ ಸೈಲೆನ್ಸರ್ ಕಿತ್ತರೆ ಕೇರಳದ ಮೋಟಾರು ವಾಹನ ಇಲಾಖೆಯವರು ಬಿಡುವುದಿಲ್ಲ. ಇದೆಲ್ಲ ಆದ ಮೇಲೆ ಕಾರ್ಬೊರೇಟರ್. ಟ್ವಿನ್ ಚೋಕ್ (ಎರಡು ಬಾಯಿಯದು) ಆಗಿದ್ದು, ಎರಡನೆಯ ಬಾಯಿ ಆಕ್ಸಿಲರೇಟರ್ ಜಾಸ್ತಿ ಒತ್ತಿದಾಗ ಮಾತ್ರ ತೆರೆಯುವಂಥದ್ದು ನಮ್ಮ ರಸ್ತೆಗೆ ಒಳ್ಳೆಯದು. ಕ್ಯಾಮ್ ಬದಲಿಸುವುದನ್ನು ಮೊದಲ ಪ್ಲಾನಿನಲ್ಲಿ ಸೇರಿಸಲೇಬೇಡಿ.

ಹಂತ 10: ಕಾಲ ಮತ್ತು ದುಡ್ಡು

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಆಟದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನೀವು ಬಾನೆಟ್ ಬಿಚ್ಚಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬ್ರೇಕ್, ಟ್ಯಾಂಕ್, ಇಗ್ನಿಷನ್, ಹೆಡ್ ಕೆಲಸ ಶೆಡ್ ಒಳಗೇ ಮುಗಿಯುತ್ತದೆ. ಟಿಂಕರಿಂಗ್, ಪೇಂಟಿಂಗ್ ಮಾತ್ರ ಮಳೆ ಬಿಟ್ಟ ಮೇಲೆ, ತೇವದಲ್ಲಿ ಹೊಡೆದ ಬಣ್ಣ ಆಮೇಲೆ ಗುಳ್ಳೆ ಏಳುತ್ತದೆ.

ಒಟ್ಟು ಬಜೆಟ್ಟಿನ ಮೂರನೇ ಒಂದು ಪಾಲನ್ನು ಮುಟ್ಟದೆ ಇಡಿ. ತುಕ್ಕು ಹಿಡಿದ ಬೋಲ್ಟ್ ಮುರಿಯುತ್ತದೆ, ಲೇತ್ ವರ್ಕ್ಸ್‌ಗೆ ಓಡಬೇಕಾಗುತ್ತದೆ, ತರಿಸಿದ ಪಾರ್ಟ್ ಹೊಂದುವುದಿಲ್ಲ. ಎರಡು ಕೆಲಸ ಒಟ್ಟಿಗೆ ಶುರು ಮಾಡಬೇಡಿ. ಬಿಚ್ಚಿದ ಪ್ರತಿ ಪಾರ್ಟ್ ಜಿಪ್ ಚೀಲಕ್ಕೆ ಹೋಗಲಿ, ಮೇಲೆ ಹೆಸರು ಬರೆಯಿರಿ. ವರ್ಕ್‌ಶಾಪಿನಲ್ಲಿ ಮಾತು ಮಲಯಾಳದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ನಡೆದರೂ ಪಾರ್ಟಿನ ಹೆಸರು ಎಲ್ಲ ಕಡೆ ಒಂದೇ, ಅದೊಂದು ಸುಖ.

ಹಂತ 11: ಅಳೆದು ನೋಡಿ

"ಈಗ ಜೋರಾಗಿದೆ" ಅಂತ ಅನಿಸುವುದು ಸೈಲೆನ್ಸರ್ ಸದ್ದಿನಿಂದಲೂ ಆಗಬಹುದು. ವಾಹನ ಕಡಿಮೆ ಇರುವ ಒಂದೇ ಸಮತಟ್ಟು ರಸ್ತೆ ಆರಿಸಿ. ಮೂರನೇ ಗೇರಿನಲ್ಲಿ 40ರಿಂದ 60ಕ್ಕೆ ಹೋಗಲು ಎಷ್ಟು ಸೆಕೆಂಡ್ ಅಂತ ಪಕ್ಕದಲ್ಲಿ ಕೂತವರು ಫೋನಿನ ಜಿಪಿಎಸ್ ಸ್ಪೀಡ್ ನೋಡಿ ಅಳೆಯಲಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎರಡರ ಸರಾಸರಿ. ಪ್ರತಿ ಬದಲಾವಣೆಯ ಮೊದಲು ಮತ್ತು ಆಮೇಲೆ ಅಷ್ಟೇ ಜನ, ಅಷ್ಟೇ ಪೆಟ್ರೋಲ್, ಟಯರಿಗೆ ಅಷ್ಟೇ ಗಾಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಳಗಿಂದ ಕಟಕಟ ಸದ್ದು ಬಂದರೆ ಅದು ನಾಕಿಂಗ್. ಕೂಡಲೇ ಕಾಲು ತೆಗೆದು ಟೈಮಿಂಗ್ ಸ್ವಲ್ಪ ಹಿಂದಕ್ಕೆ ಸರಿಸಿ.

ಎಂಜಿನ್ ಬೋರ್ ಮಾಡಿಸಿದ್ದರೆ ಮೊದಲ 500 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಬೇಡಿ, ಏರಿಸುತ್ತಾ ಇಳಿಸುತ್ತಾ ಹೋಗಿ. ಅಷ್ಟಾದ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಟ್ಯಾಪೆಟ್ ಮತ್ತೆ ನೋಡಿಸಿ. ಹೆಡ್ ಬೋಲ್ಟ್ ಮತ್ತೆ ಬಿಗಿಯಬೇಕೇ ಅನ್ನುವುದನ್ನು ನಿಮ್ಮ ಗ್ಯಾಸ್ಕೆಟಿನ ಜೊತೆ ಬಂದ ಚೀಟಿ ಓದಿ ತಿಳಿದುಕೊಳ್ಳಿ. ಬದಲಿಸಿದ ಪಾರ್ಟುಗಳ ಪಟ್ಟಿಯನ್ನು ಬಿಲ್ಲುಗಳ ಸಮೇತ ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ಕೊಟ್ಟು, ಸೀಲ್ ಹಾಕಿದ ನಕಲನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ.